ಬೂಟ್ ಮೆನುವಿನಲ್ಲಿ ಉಳಿದುಹೋದ ಹೆಸರು: ಗಣಕಯಂತ್ರ ದುರಸ್ತಿಗಾರರಿಗೆ ಒಂದು ಬಹಿರಂಗ ಪತ್ರ

ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಮಗ್ಗುಲಲ್ಲಿಯೂ ಜಿಲ್ಲಾ ಪಟ್ಟಣಗಳ ಪೇಟೆಬೀದಿಗಳಲ್ಲಿಯೂ ಅಂಗಡಿಯಿಟ್ಟುಕೊಂಡು ಜನರ ಗಣಕಯಂತ್ರಗಳನ್ನು ದುರಸ್ತಿಮಾಡಿಕೊಡುತ್ತಿರುವ ಮಾನ್ಯ ಮಿತ್ರರಿಗೆ,

ಊರಿನ ಪ್ರೌಢಶಾಲೆ, ಹಾಲಿನ ಡೇರಿ, ವಕೀಲರ ಕಚೇರಿ, ಜೆರಾಕ್ಸ್ ಅಂಗಡಿ, ಮದುವೆಯ ಕರೆಯೋಲೆ ಅಚ್ಚುಹಾಕುವ ಮುದ್ರಣಾಲಯ ಇವೆಲ್ಲ ಇಂದು ಒಂದೊಂದು ಯಂತ್ರವನ್ನು ನಂಬಿಕೊಂಡು ನಡೆಯುತ್ತಿರುವುದರಿಂದಲೂ, ಆ ಯಂತ್ರ ಕೆಟ್ಟು ನಿಂತ ದಿವಸ ಜನರು ಓಡಿಬರುವುದು ತಮ್ಮ ಬಳಿಗೇ ಆದುದರಿಂದಲೂ, ತಮ್ಮ ವೃತ್ತಿಯನ್ನು ನಾನು ಊರಿನ ಅತ್ಯಾವಶ್ಯಕವಾದ ವೃತ್ತಿಗಳಲ್ಲಿ ಒಂದೆಂದು ಎಣಿಸುತ್ತೇನೆ. ಆ ಗೌರವವೇ ಈ ಪತ್ರಕ್ಕೆ ಪ್ರೇರಣೆ. ತಮ್ಮಲ್ಲಿ ಹಲವರು ದುರಸ್ತಿ ಮುಗಿಯಿತೆಂದು ಯಂತ್ರವನ್ನು ಹಿಂದಕ್ಕೆ ಕೊಡುವಾಗ, ಅದರ ಬೂಟ್ ಮೆನುವಿನಲ್ಲಿ ಯಾರಿಗೂ ಬೇಡವಾದ ಒಂದು ಹೆಸರನ್ನು ಹಾಗೆಯೇ ಬಿಟ್ಟುಬಿಡುತ್ತೀರಿ. ಅದನ್ನು ತೆಗೆದುಹಾಕುವುದು ದುರಸ್ತಿಯ ಒಂದು ಭಾಗವೇ ಹೊರತು ಮೇಲುಪಕಾರವಲ್ಲ ಎಂಬುದು ನನ್ನ ಬಿನ್ನಹ. ತೆಗೆಯುವುದಕ್ಕೆ ಒಂದು ಕ್ರಮವಿದೆ, ಆ ಕ್ರಮ ತಪ್ಪಿದರೆ ಬಿಟ್ಟುದಕ್ಕಿಂತಲೂ ಹೆಚ್ಚಿನ ಹಾನಿಯಾಗುತ್ತದೆ ಎಂಬುದನ್ನೂ ಇದರೊಡನೆಯೇ ವಿಸ್ತಾರವಾಗಿ ಹೇಳಬೇಕಾಗಿದೆ.

ಆ ಪರದೆಯನ್ನು ತಾವು ದಿನಕ್ಕೆ ಹತ್ತು ಬಾರಿ ನೋಡುವವರು; ನೋಡಿ ನೋಡಿ ಅದು ತಮ್ಮ ಕಣ್ಣಿಗೆ ಬೀಳುವುದನ್ನೇ ಬಿಟ್ಟಿರಬಹುದು. ಆದಕಾರಣ ಯಂತ್ರದ ಒಡೆಯನ ಕಣ್ಣಿನಿಂದ ಒಮ್ಮೆ ನೋಡೋಣ. ಗುಂಡಿ ಒತ್ತಿದ ಕೆಲವು ಕ್ಷಣಗಳ ಮೇಲೆ ನೀಲಿಯ ಹಿನ್ನೆಲೆಯಲ್ಲಿ, ಹಳೆಯ ಯಂತ್ರವಾದರೆ ಕಪ್ಪು ಹಿನ್ನೆಲೆಯಲ್ಲಿ, ಯಾವ ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸಬೇಕೆಂದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಮೂಡುತ್ತದೆ. ಕೆಳಗೆ ‘ವಿಂಡೋಸ್ 10’ ಎಂದು ಒಂದು ಸಾಲು. ಅದರ ಕೆಳಗೆ ಅಕ್ಷರವೂ ಭೇದವಿಲ್ಲದಂತೆ ಮತ್ತೊಮ್ಮೆ ‘ವಿಂಡೋಸ್ 10’. ಒಂದು ಮೂಲೆಯಲ್ಲಿ 30 ಸೆಕೆಂಡುಗಳು ಒಂದೊಂದಾಗಿ ಇಳಿಯತೊಡಗುತ್ತವೆ. ಎರಡನ್ನೂ ಬೇರ್ಪಡಿಸಿ ತಿಳಿಸುವ ಒಂದು ಚಿಹ್ನೆಯೂ ಅಲ್ಲಿಲ್ಲ. ಒಡೆಯನಿಗೆ ಗೊತ್ತಿರುವುದು ತನ್ನ ಯಂತ್ರ ಒಂದೆಂಬುದು. ಪರದೆ ಕೇಳುತ್ತಿರುವುದು ಎರಡರಲ್ಲಿ ಯಾವುದು ಎಂದು. ತಪ್ಪಿ ಎರಡನೆಯದನ್ನು ಒತ್ತಿದರೆ, ಆ ಹೆಸರಿನ ಹಿಂದೆ ಈಗ ಏನೂ ಉಳಿದಿಲ್ಲದ ಪಕ್ಷದಲ್ಲಿ, ಬೇಕಾದ ಕಡತ ಕಾಣೆಯಾಗಿದೆ ಇಲ್ಲವೆ ಕೆಟ್ಟಿದೆ ಎಂಬ ದೋಷವಾರ್ತೆ ಬರುತ್ತದೆ. ಏನನ್ನೋ ತಾನೇ ಹಾಳುಮಾಡಿಬಿಟ್ಟೆನೆಂದು ಒಡೆಯನು ಹೆದರುತ್ತಾನೆ. ಈ ಹೆದರಿಕೆ ಅವನಿಗೆ ಬರಬೇಕಾದುದೇ ಅಲ್ಲ.

ಇದು ಹೇಗೆ ಬಂದು ಸೇರುತ್ತದೆಂಬುದನ್ನು ತಾವು ಬಲ್ಲಿರಿ. ಹಳೆಯ ವಿಂಡೋಸ್ ಏಳದೆ ಕೂತಾಗ, ಅದರಲ್ಲಿರುವ ಕಡತಗಳು ಹೋಗಬಾರದೆಂಬ ಸದುದ್ದೇಶದಿಂದ ತಾವು ಅದನ್ನು ಮುಟ್ಟದೆ, ಇನ್ನೊಂದು ಪಾರ್ಟಿಷನ್ನಿನಲ್ಲಿ ಹೊಸ ವಿಂಡೋಸ್ ಹಾಕುತ್ತೀರಿ. ಹಾಕುವ ತಂತ್ರಾಂಶವು ಹೊಸದನ್ನು ಬೂಟ್ ಮೆನುವಿಗೆ ತಾನಾಗಿಯೇ ಸೇರಿಸುತ್ತದೆ. ಹಳೆಯದನ್ನು ತಾನಾಗಿ ತೆಗೆಯುವುದಿಲ್ಲ. ಮುಂದೊಂದು ದಿನ ಹಳೆಯ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಹೊಡೆದರೂ ಮೆನುವಿನ ಹೆಸರು ಹೋಗುವುದಿಲ್ಲ. ಗಿರಾಕಿ ಅವಸರದಲ್ಲಿರುತ್ತಾನೆ, ಮೇಜಿನ ಮೇಲೆ ಇನ್ನೂ ನಾಲ್ಕು ಸಿಸ್ಟಂಗಳು ಕಾದಿರುತ್ತವೆ, ‘ಮೇಲಿನದನ್ನೇ ಒತ್ತಿ’ ಎಂದು ಹೇಳಿ ಕಳುಹಿಸಿಬಿಡುವುದು ಸುಲಭ. ಆ ಒಂದು ವಾಕ್ಯವನ್ನು ಕೇಳಿದವನು ಒಬ್ಬ. ಯಂತ್ರವನ್ನು ಉಪಯೋಗಿಸುವವರು ಮನೆಯಲ್ಲಿಯೋ ಕಚೇರಿಯಲ್ಲಿಯೋ ಮೂವರು ನಾಲ್ವರು ಎಂಬುದು ಆ ಕ್ಷಣದಲ್ಲಿ ಮರೆತುಹೋಗಿರುತ್ತದೆ.

ಒಂದು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಡೆದುದನ್ನು ಹೇಳುತ್ತೇನೆ. ಊರಿನ ಹೆಸರಾಗಲಿ, ಆ ಯಂತ್ರವನ್ನು ದುರಸ್ತಿಮಾಡಿದವರ ಹೆಸರಾಗಲಿ ಇಲ್ಲಿ ಬೇಕಾದುದಲ್ಲ. ಸಂಘದ ಕಾರ್ಯದರ್ಶಿಯಾದ ಆ ಹೆಣ್ಣುಮಗಳು ಬೆಳಗಿನ ಹಾಲು ಅಳೆದು ಮುಗಿಸಿ, ಲೆಕ್ಕ ಬರೆಯುವುದಕ್ಕೆ ಕುಳಿತುಕೊಳ್ಳುವವಳು. ಲೆಕ್ಕಪರಿಶೋಧನೆ ಹತ್ತಿರ ಬಂದಾಗ, ಬರೆದಿಟ್ಟಿದ್ದ ಪಟ್ಟಿಗಳಲ್ಲಿ ಅರ್ಧದಷ್ಟು ಕಾಣೆಯಾಗಿವೆಯೆಂದು ಕಂಡು, ಯಾರೋ ಅಳಿಸಿದರೆಂಬ ಸಂಶಯ ಹುಟ್ಟಿ, ಆ ಸಂಶಯ ಸಂಜೆಯ ಹೊತ್ತು ಹಾಲು ಹಾಕಿಸಿಕೊಳ್ಳಲು ಬರುತ್ತಿದ್ದ ಹುಡುಗನ ಮೇಲೆ ತಿರುಗುವಷ್ಟಕ್ಕೆ ಸಂಗತಿ ಬೆಳೆದಿತ್ತು. ಯಂತ್ರವನ್ನು ನೋಡಲು ನನ್ನನ್ನು ಕರೆದಾಗ ಆಕೆ ಮೊದಲು ಹೇಳಿದ ಮಾತು ಇದು: ‘ಆನ್ ಮಾಡಿದ್ರೆ ಎರಡೆರಡು ವಿಂಡೋಸ್ ಕೇಳತ್ತೆ ಸಾರ್. ನಾನು ಒಂದನ್ನ ಒತ್ತೀನಿ, ಆ ಹುಡುಗ ಒಂದನ್ನ ಒತ್ತಾನೆ. ಎರಡೂ ಒಂದೇ ಅಲ್ವಾ ಅಂತ ಸುಮ್ಮನಿದ್ವಿ.’

ಎರಡೂ ಒಂದೇ ಆಗಿರಲಿಲ್ಲ. ಒಂದೇ ಡಿಸ್ಕಿನ ಎರಡು ಪಾರ್ಟಿಷನ್ನುಗಳಲ್ಲಿ ಎರಡು ವಿಂಡೋಸ್‌ಗಳು ಜೀವಂತವಾಗಿಯೇ ಇದ್ದುವು. ಒಂದೊಂದಕ್ಕೂ ಬೇರೆ ಬೇರೆ ಡೆಸ್ಕ್‌ಟಾಪ್, ಬೇರೆ ಬೇರೆ ಡಾಕ್ಯುಮೆಂಟ್ಸ್ ಫೋಲ್ಡರ್. ಯಾವುದರಿಂದ ಯಂತ್ರ ಎದ್ದಿತೋ ಅದು ತನ್ನನ್ನು ತಾನು ಸಿ ಡ್ರೈವ್ ಎಂದು ಕರೆದುಕೊಂಡು ಮತ್ತೊಂದನ್ನು ಡಿ ಎಂದೋ ಇ ಎಂದೋ ತೋರಿಸುತ್ತಿತ್ತು. ಆದುದರಿಂದ ಆಕೆ ಸಿ ಡ್ರೈವಿನಲ್ಲಿಟ್ಟ ಕಡತವೂ ಹುಡುಗನು ಸಿ ಡ್ರೈವಿನಲ್ಲಿಟ್ಟ ಕಡತವೂ ಎಂದೆಂದಿಗೂ ಒಂದೆಡೆ ಸೇರುವಂತಿರಲಿಲ್ಲ. ಆಕೆ ಏತಕ್ಕೆ ಯಾವಾಗಲೂ ಎರಡನೆಯ ಸಾಲನ್ನೇ ಆರಿಸುತ್ತಿದ್ದಳೆಂದು ವಿಚಾರಿಸಲು, ಕಾರಣವೂ ಹೊರಬಂದಿತು: ಹಳೆಯ ವಿಂಡೋಸಿನಲ್ಲಿ ಮಾತ್ರ ‘ನುಡಿ’ ಇತ್ತು. ಹೊಸದನ್ನು ಹಾಕಿದವರು ನುಡಿಯನ್ನು ಹಾಕಿರಲಿಲ್ಲ. ಅದರಲ್ಲಿ ಹಳೆಯ ಕನ್ನಡ ಕಡತಗಳನ್ನು ತೆರೆದರೆ ಅಕ್ಷರವಿನ್ಯಾಸ ಸಿಕ್ಕದೆ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಹೋದಂತೆ ಕಾಣುತ್ತಿತ್ತು. ಸಂಘದ ನಡವಳಿಕೆಗಳನ್ನು ಕನ್ನಡದಲ್ಲಿ ಬರೆಯಬೇಕಾದವಳು ಬೇರೇನು ಮಾಡಿಯಾಳು? ಕನ್ನಡ ಗಣಕ ಪರಿಷತ್ತು ರೂಪಿಸಿದ, ಸರ್ಕಾರವೇ ಉಚಿತವಾಗಿ ಹಂಚುತ್ತಿರುವ ಆ ತಂತ್ರಾಂಶವನ್ನು ಹೊಸ ವಿಂಡೋಸಿನಲ್ಲಿ ಹಾಕುವುದಕ್ಕೆ ಐದು ಹತ್ತು ನಿಮಿಷಗಳಿಗಿಂತ ಹೆಚ್ಚು ಹಿಡಿಯಲಾರದು. ಅದು ಆಗದ ಕಾರಣ ಒಂದು ಸಂಘದ ಲೆಕ್ಕ ಇಬ್ಭಾಗವಾಯಿತು. ನಿರಪರಾಧಿಯಾದ ಒಬ್ಬ ಹುಡುಗನು ಹಲವು ಜನರೆದುರು ತಲೆತಗ್ಗಿಸಿ ನಿಲ್ಲಬೇಕಾಯಿತು.

ಈ ನಿದರ್ಶನವನ್ನು ಇಷ್ಟು ಉದ್ದವಾಗಿ ಹೇಳಿದುದಕ್ಕೆ ಉದ್ದೇಶವಿದೆ. ‘ಬೇಡವಾದ ಹೆಸರು’ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಯಾವುದು ಬೇಡವಾದುದೆಂಬುದನ್ನು ನಿಶ್ಚಯಿಸುವುದು ಮಾತ್ರ ಸುಲಭವಲ್ಲ. ಹೊಸದೇ ಬೇಕಾದುದು, ಹಳೆಯದೇ ಬೇಡವಾದುದು ಎಂದು ನೋಡಿದೊಡನೆ ತೀರ್ಮಾನಿಸಿ ಹಳೆಯದನ್ನು ಅಳಿಸಿದ್ದರೆ, ಆ ಸಂಘದ ಅರ್ಧ ಲೆಕ್ಕವೇ ಅಳಿದುಹೋಗುತ್ತಿತ್ತು. ಆದಕಾರಣ ಕೈಕೆಲಸಕ್ಕೆ ಮುಂಚೆ ವಿಚಾರಣೆ ನಡೆಯಬೇಕು. ಯಂತ್ರವನ್ನು ಯಾರು ಯಾರು ಉಪಯೋಗಿಸುತ್ತಾರೆ, ಒಬ್ಬೊಬ್ಬರೂ ಮೆನುವಿನಲ್ಲಿ ಯಾವ ಸಾಲನ್ನು ಒತ್ತುತ್ತಾರೆ, ಏತಕ್ಕಾಗಿ ಒತ್ತುತ್ತಾರೆ ಎಂದು ಕೇಳಬೇಕು. ಕೇಳಿದ ಮೇಲೆ ಎರಡನ್ನೂ ತೆರೆದು ಒಳಹೊಕ್ಕು, ಬಳಕೆದಾರರ ಫೋಲ್ಡರುಗಳಲ್ಲಿ ಕೊನೆಯ ಕಡತ ಯಾವ ತಾರೀಖಿನದೆಂದು ನೋಡಬೇಕು. ನಿನ್ನೆಯ ತಾರೀಖಿನ ಕಡತವಿರುವ ವಿಂಡೋಸ್ ಎಷ್ಟೇ ಹಳೆಯದಾದರೂ ಬೇಡವಾದುದಲ್ಲ. ಅದರೊಳಗಿರುವುದನ್ನು ಹೊಸದಕ್ಕೆ ಸಾಗಿಸಿ, ನುಡಿಯೋ ಪ್ರಿಂಟರಿನ ಡ್ರೈವರೋ ಡಿಜಿಟಲ್ ಸಹಿಯ ತಂತ್ರಾಂಶವೋ ಯಾವುದರ ಆಕರ್ಷಣೆಯಿಂದ ಅವರು ಅಲ್ಲಿಗೆ ಹೋಗುತ್ತಿದ್ದರೋ ಅದನ್ನು ಇಲ್ಲಿ ಒದಗಿಸಿದಾಗಲೇ ಅದು ಬೇಡವಾಗತಕ್ಕದ್ದು.

ಹಾಗೆಂದು ಹಳೆಯದನ್ನು ಹಾಗೆಯೇ ಉಳಿಸಿಕೊಂಡಿರಲೆಂದು ನಾನು ಹೇಳುತ್ತಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ರಕ್ಷಣೆಯ ತಿದ್ದುಪಡಿಗಳು ಬಾರದ ಒಂದು ವ್ಯವಸ್ಥೆ ಮೆನುವಿನಲ್ಲಿ ಕುಳಿತಿರುವಷ್ಟು ಕಾಲವೂ ಯಾರೋ ಒಬ್ಬರು ಅದನ್ನು ಆರಿಸಿ, ಅದರಿಂದಲೇ ಬ್ಯಾಂಕಿನ ಕೆಲಸ ಮಾಡುವ ಸಂಭವ ಉಂಟು.

ಇನ್ನು ತೆಗೆಯುವ ವಿಧಾನ. ಹೆಸರು ಬೇರೆ, ಹೆಸರು ಸೂಚಿಸುವ ವಸ್ತು ಬೇರೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಪಹಣಿಯಲ್ಲಿ ಒಬ್ಬನ ಹೆಸರನ್ನು ತೆಗೆದ ಮಾತ್ರಕ್ಕೆ ಹೊಲ ಮಾಯವಾಗುವುದಿಲ್ಲ, ಹೊಲವನ್ನು ಉತ್ತು ಹದಮಾಡಿದ ಮಾತ್ರಕ್ಕೆ ಪಹಣಿಯ ಹೆಸರೂ ಬದಲಾಗುವುದಿಲ್ಲ. ಬೂಟ್ ಮೆನುವಿಗೂ ಪಾರ್ಟಿಷನ್ನಿಗೂ ಇರುವ ಸಂಬಂಧ ಅಂತಹುದೇ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಈ ದಾಖಲೆ ‘ಬೂಟ್.ಐಎನ್‌ಐ’ ಎಂಬ ಒಂದು ಸಾಮಾನ್ಯ ಪಠ್ಯಕಡತವಾಗಿತ್ತು. ಮರೆಯಾಗಿದ್ದ ಅದನ್ನು ಹೊರತೋರಿಸಿ, ನೋಟ್‌ಪ್ಯಾಡಿನಲ್ಲಿ ತೆರೆದು, ಒಂದು ಸಾಲನ್ನು ಅಳಿಸಿದರೆ ಕೆಲಸ ಮುಗಿಯುತ್ತಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಿಂದೀಚೆಗೆ ಅದರ ಸ್ಥಾನವನ್ನು ಬಿಸಿಡಿ ಎಂಬ ದತ್ತಸಂಚಯ ಆಕ್ರಮಿಸಿದೆ. ಅದನ್ನು ನೋಟ್‌ಪ್ಯಾಡಿನಿಂದ ತಿದ್ದುವಂತಿಲ್ಲ. ತಿದ್ದುವುದಕ್ಕೆ ಎರಡು ಸಾಧನಗಳು ವಿಂಡೋಸಿನೊಳಗೇ ಇವೆ. ಒಂದು, ‘ಎಂಎಸ್‌ಕಾನ್ಫಿಗ್’ ಎಂದು ಟೈಪಿಸಿದರೆ ತೆರೆದುಕೊಳ್ಳುವ ಕಿಟಕಿಯ ‘ಬೂಟ್’ ಎಂಬ ಪುಟ. ಇನ್ನೊಂದು, ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಬಿಸಿಡಿಎಡಿಟ್’ ಎಂಬ ಆಜ್ಞೆ.

ಸಾಮಾನ್ಯವಾದ ಪ್ರಸಂಗಗಳಿಗೆ ಮೊದಲನೆಯದೇ ಸಾಕು. ಅಲ್ಲಿ ವ್ಯವಸ್ಥೆಗಳ ಹೆಸರುಗಳು ಸಾಲಾಗಿ ಇದ್ದು, ಸದ್ಯಕ್ಕೆ ನಡೆಯುತ್ತಿರುವುದರ ಮುಂದೆ ‘ಕರೆಂಟ್ ಓಎಸ್’ ಎಂದೂ, ಯಾರೂ ಏನನ್ನೂ ಒತ್ತದಿದ್ದಾಗ ಏಳುವುದರ ಮುಂದೆ ‘ಡಿಫಾಲ್ಟ್ ಓಎಸ್’ ಎಂದೂ ಬರೆದಿರುತ್ತದೆ. ಉಳಿಯಬೇಕಾದುದನ್ನು ಡಿಫಾಲ್ಟ್ ಮಾಡಿ, ಹೋಗಬೇಕಾದುದನ್ನು ಆರಿಸಿ ಡಿಲೀಟ್ ಒತ್ತುವುದಷ್ಟೇ ಕೆಲಸ. ತಾನು ಕುಳಿತಿರುವ ಕೊಂಬೆಯನ್ನು ಕಡಿಯುವುದಕ್ಕೆ ಆ ಕಿಟಕಿ ಬಿಡುವುದಿಲ್ಲ. ಆದರೆ ಎರಡೂ ಹೆಸರು ಒಂದೇ ಆಗಿದ್ದಾಗ ಮಾತ್ರ ನಾನು ಎರಡನೆಯ ಸಾಧನವನ್ನೇ ಶಿಫಾರಸು ಮಾಡುತ್ತೇನೆ. ಏಕೆಂದರೆ ಬಿಸಿಡಿಎಡಿಟ್ ಎಂದು ಒತ್ತಿದೊಡನೆ ಒಂದೊಂದು ಹೆಸರಿನ ಕೆಳಗೂ ಅದು ಯಾವ ಪಾರ್ಟಿಷನ್ನನ್ನು ಸೂಚಿಸುತ್ತದೆ, ಯಾವ ದಾರಿಯಲ್ಲಿ ಯಾವ ಕಡತವನ್ನು ಎಬ್ಬಿಸುತ್ತದೆ ಎಂಬ ವಿವರ ಬರುತ್ತದೆ. ಅಳಿಸಿಹೋದ ಪಾರ್ಟಿಷನ್ನಿನ ಹೆಸರಾದರೆ ಡಿವೈಸ್ ಎಂಬ ಸಾಲಿನ ಎದುರಿಗೆ ಅನೇಕ ಸಲ ‘ಅನ್‌ನೋನ್’ ಎಂದೇ ಇರುತ್ತದೆ. ಆದರೂ ತತ್‌ಕ್ಷಣ ಅಳಿಸಬೇಡಿ. ಆ ಡಿಸ್ಕು ಅಳಿಯದೆ, ತಾವೇ ಕೇಬಲ್ ಬಿಚ್ಚಿ ಮೇಜಿನ ಮೇಲೆ ಇಟ್ಟಿರುವ ಡಿಸ್ಕಾಗಿದ್ದರೂ ಯಂತ್ರವು ಇದನ್ನೇ ಹೇಳುತ್ತದೆ. ಡ್ರೈವಿನ ಅಕ್ಷರವನ್ನೂ ಎಚ್ಚರದಿಂದ ಓದತಕ್ಕದ್ದು: ಅದು ಈಗ ಎದ್ದಿರುವ ವಿಂಡೋಸ್ ಇಟ್ಟುಕೊಂಡ ಅಕ್ಷರವೇ ಹೊರತು, ಗಿರಾಕಿ ಬಾಯಲ್ಲಿ ಹೇಳುವ ‘ಡಿ ಡ್ರೈವ್’ ಅದೇ ಆಗಿರಬೇಕೆಂಬ ನಿಯಮವಿಲ್ಲ.

ಅಳಿಸುವುದಕ್ಕೆ ಮೊದಲು ಇದ್ದುದರ ಒಂದು ಪ್ರತಿಯನ್ನು ತೆಗೆದಿಡಬೇಕು. ಅದೇ ಬಿಸಿಡಿಎಡಿಟ್‌ಗೆ ‘ಎಕ್ಸ್‌ಪೋರ್ಟ್’ ಎಂದು ಹೇಳಿ ಒಂದು ಕಡತದ ಹೆಸರು ಕೊಟ್ಟರೆ ದಾಖಲೆಯೆಲ್ಲ ಆ ಕಡತಕ್ಕೆ ಇಳಿಯುತ್ತದೆ. ಮುಂದೆ ತೊಂದರೆಯಾದರೆ ‘ಇಂಪೋರ್ಟ್’ ಎಂದು ಹೇಳಿ ಹಿಂದಕ್ಕೆ ತರಬಹುದು. ಆ ಪ್ರತಿಯನ್ನು ಅದೇ ಡಿಸ್ಕಿನಲ್ಲಿ ಇಡುವುದಲ್ಲ, ಪೆನ್‌ಡ್ರೈವಿನಲ್ಲಿ ಇಡಬೇಕು. ಅನಂತರ ಹೋಗಬೇಕಾದುದರ ಗುರುತುಸಂಖ್ಯೆಯನ್ನು, ಅಂದರೆ ಪುಷ್ಪಾವರಣದೊಳಗೆ ಅಂಕೆ ಅಕ್ಷರಗಳು ಬೆರೆತು 32 ಸ್ಥಾನಗಳಷ್ಟು ಉದ್ದವಿರುವ ಆ ಸರಪಳಿಯನ್ನು, ಕೈಯಿಂದ ಟೈಪಿಸದೆ ಪರದೆಯಿಂದಲೇ ನಕಲುಮಾಡಿಕೊಂಡು ‘ಡಿಲೀಟ್’ ಆಜ್ಞೆಯ ಮುಂದೆ ಅಂಟಿಸಬೇಕು. ಈಚಿನ ಯಂತ್ರಗಳಲ್ಲಿ ಕಮಾಂಡ್ ಪ್ರಾಂಪ್ಟಿಗೆ ಬದಲಾಗಿ ಪವರ್‌ಶೆಲ್ ತೆರೆದುಕೊಂಡಿದ್ದರೆ ಆ ಸರಪಳಿಯನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕಾಗುತ್ತದೆ. ಇಲ್ಲದಿದ್ದರೆ ಆ ಆವರಣಕ್ಕೆ ಅಲ್ಲಿ ಬೇರೆ ಅರ್ಥವಿರುವ ಕಾರಣ ಆಜ್ಞೆ ನಡೆಯದು. ಬೂಟ್ ಮ್ಯಾನೇಜರ್ ಎಂಬ ಮೊದಲ ದಾಖಲೆಯನ್ನು ಮುಟ್ಟಕೂಡದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಇಲ್ಲಿ ತಮ್ಮ ವಿಶೇಷ ಗಮನವನ್ನು ಬೇಡುವ ಒಂದು ಅಪಾಯವಿದೆ. ಈಚೆಗೆ ಮಾರಾಟವಾಗುತ್ತಿರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕಿನ ಗೂಢಲಿಪೀಕರಣ ಒಡೆಯನಿಗೆ ತಿಳಿಯದಂತೆಯೇ ಚಾಲೂ ಆಗಿರುತ್ತದೆ. ಬೂಟ್ ದಾಖಲೆ ಬದಲಾದುದನ್ನು ಕಂಡು, ಯಾರೋ ಕೈಯಾಡಿಸಿದರೆಂದು ಶಂಕಿಸಿ, ಬಿಟ್‌ಲಾಕರ್ ಮುಂದಿನ ಬಾರಿ ಯಂತ್ರ ಏಳುವಾಗ 48 ಅಂಕಿಗಳ ರಿಕವರಿ ಕೀಯನ್ನು ಕೇಳುವುದುಂಟು. ಆ ಕೀ ಮೊದಲ ದಿನ ಯಂತ್ರವನ್ನು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರಬಹುದು. ಆ ಖಾತೆ ಮಗನದೋ, ಅಂಗಡಿಯವನದೋ, ಮರೆತುಹೋದ ಯಾವ ಮಿಂಚಂಚೆಯದೋ! ಕೀ ದೊರೆಯದಿದ್ದರೆ ಡಿಸ್ಕಿನಲ್ಲಿರುವ ಮದುವೆಯ ಛಾಯಾಚಿತ್ರಗಳೂ ಜಮೀನಿನ ಪತ್ರಗಳ ಪ್ರತಿಗಳೂ ಮತ್ತೆ ಕೈಗೆ ಬಾರವು. ತಮ್ಮ ಯಾವ ಚಾತುರ್ಯವೂ ಅಲ್ಲಿ ನಡೆಯದು. ಆದುದರಿಂದ ಮೆನುವಿಗೆ ಕೈಹಾಕುವ ಮುಂಚೆ ಬಿಟ್‌ಲಾಕರ್ ಇದೆಯೇ ಎಂದು ನೋಡಿ, ಇದ್ದರೆ ಕೀಯನ್ನು ಒಡೆಯನ ಎದುರಿಗೇ ಬರೆದಿಟ್ಟು, ರಕ್ಷಣೆಯನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿರಿಸಿ ಮುಂದುವರಿಯಬೇಕು. ಈ ಒಂದು ಎಚ್ಚರವನ್ನು ಮಾತ್ರ ಯಾವ ಅವಸರದಲ್ಲಿಯೂ ಬಿಡಬಾರದೆಂದು ತಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮಲ್ಲಿ ಕೆಲವರು ಹೆಸರನ್ನು ಅಳಿಸದೆ ಕಾಯುವ ಅವಧಿಯನ್ನು ಸೊನ್ನೆಗೆ ಇಳಿಸಿಬಿಡುವುದನ್ನು ನಾನು ಕಂಡಿದ್ದೇನೆ. ಮೆನು ಕಾಣಿಸುವುದಿಲ್ಲ, ಗಿರಾಕಿ ಸಂತುಷ್ಟನಾಗಿ ಹೋಗುತ್ತಾನೆ. ಇದು ಮರೆಮಾಡುವುದೇ ಹೊರತು ಪರಿಹರಿಸುವುದಲ್ಲ. ಮುಂದೆಂದಾದರೂ ಡಿಫಾಲ್ಟ್ ಬದಲಾಗಿ ಯಂತ್ರವು ಹಳೆಯ ವಿಂಡೋಸಿನಲ್ಲಿ ಏಳತೊಡಗಿದರೆ, ಅಲ್ಲಿ ಇನ್ನೊಂದು ಇದೆಯೆಂಬ ಸುಳಿವೂ ಒಡೆಯನಿಗೆ ದೊರೆಯುವುದಿಲ್ಲ. ಎರಡೂ ನಿಜವಾಗಿ ಬೇಕಾದ ಸಂದರ್ಭಗಳಲ್ಲಿಯಂತೂ ಮೆನು ಎದುರಿಗೇ ಇರಬೇಕು. ಬಿಸಿಡಿಎಡಿಟ್‌ನಲ್ಲಿ ‘ಡಿಸ್ಕ್ರಿಪ್ಷನ್’ ಬದಲಾಯಿಸುವ ಅನುಕೂಲವಿರುವಾಗ, ‘ವಿಂಡೋಸ್ 10’ ಎಂದು ಎರಡು ಸಾಲು ಬಿಡುವುದಕ್ಕಿಂತ ‘ಡೇರಿ ಲೆಕ್ಕ’ ಎಂದೋ ‘ಹಳೆಯ ಟ್ಯಾಲಿ’ ಎಂದೋ ಇಂಗ್ಲಿಷ್ ಅಕ್ಷರಗಳಲ್ಲಿಯಾದರೂ ಒಡೆಯನಿಗೆ ಅರ್ಥವಾಗುವ ಹೆಸರು ಕೊಡಬಹುದಲ್ಲವೆ?

ಲಿನಕ್ಸ್ ಇರುವ ಯಂತ್ರಗಳ ವಿಷಯದಲ್ಲಿ ಹಾನಿ ಇನ್ನೂ ದೊಡ್ಡದು. ಕಾಲೇಜಿನಲ್ಲಿ ಓದುವ ಮಗ ಉಬುಂಟು ಹಾಕಿಕೊಂಡಿರುತ್ತಾನೆ. ಓದು ಮುಗಿಸಿ ಬೆಂಗಳೂರಿಗೆ ಹೊರಟುಹೋಗಿರುತ್ತಾನೆ. ಮನೆಯಲ್ಲುಳಿದ ತಂದೆಗೆ ದಿನವೂ ಗ್ರಬ್ ಎಂಬ ಆರಂಭಕದ ಪಟ್ಟಿ ಎದುರಾಗುತ್ತದೆ. ‘ಇದೊಂದು ತೆಗೆದುಬಿಡಿ’ ಎಂದು ಆತ ತಮ್ಮಲ್ಲಿಗೆ ತಂದಾಗ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದ ಲಿನಕ್ಸಿನ ಪಾರ್ಟಿಷನ್ನನ್ನೇ ಮೊದಲು ಅಳಿಸುವ ಪದ್ಧತಿಯಿದೆ. ಇದು ತಲೆಕೆಳಗಾದ ಕ್ರಮ. ಹಳೆಯ ಬಯಾಸ್ ಪದ್ಧತಿಯ ಯಂತ್ರಗಳಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಖಂಡವೇ ಎಂಬಿಆರ್. ಅದರಲ್ಲಿ ಆರಂಭಕ್ಕೆ ಬೇಕಾದ ಆಜ್ಞೆಗಳಿಗೆ ದೊರೆಯುವ ಸ್ಥಳ 446 ಬೈಟುಗಳು ಮಾತ್ರ. ಅಷ್ಟು ಕಿರಿದಾದ ಸ್ಥಳದಲ್ಲಿ ಇಡೀ ಗ್ರಬ್ ಹಿಡಿಯಲಾರದಾದುದರಿಂದ ಅದು ಅಲ್ಲಿ ತನ್ನ ಮೊದಲ ತುಣುಕನ್ನು ಮಾತ್ರ ಇಟ್ಟು, ಮುಂದಿನ ಕೆಲಸಕ್ಕೆ ಬೇಕಾದುದನ್ನು ಲಿನಕ್ಸಿನ ಪಾರ್ಟಿಷನ್ನಿನಲ್ಲಿ ಇಟ್ಟುಕೊಂಡಿರುತ್ತದೆ. ಆ ಪಾರ್ಟಿಷನ್ ಹೋದರೆ ಗ್ರಬ್ ತನ್ನ ಉಳಿದ ಭಾಗವನ್ನು ಕಾಣದೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದಗಳ ಮುಂದೆ ನಿಂತುಬಿಡುತ್ತದೆ. ವಿಂಡೋಸ್ ಪೂರ್ಣವಾಗಿ ಕ್ಷೇಮವಾಗಿದ್ದರೂ ಅಲ್ಲಿಗೆ ಹೋಗುವ ದಾರಿಯಿಲ್ಲ. ಅಷ್ಟಕ್ಕೇ ಗಾಬರಿಯಾಗಿ ಇಡೀ ಡಿಸ್ಕನ್ನು ಫಾರ್ಮ್ಯಾಟ್ ಹೊಡೆದು, ಇದ್ದುದನ್ನೆಲ್ಲ ಕಳೆದ ಪ್ರಸಂಗಗಳನ್ನು ಕೇಳಿದಾಗ ನನಗೆ ನಿಜವಾಗಿಯೂ ಸಂಕಟವಾಗಿದೆ. ಏಕೆಂದರೆ ವಿಂಡೋಸ್ ಹಾಕುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ರಿಪೇರಿ ವಿಭಾಗದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಬೂಟ್‌ರೆಕ್ ಫಿಕ್ಸ್‌ಎಂಬಿಆರ್’ ಎಂಬ ಒಂದು ಆಜ್ಞೆ ಕೊಟ್ಟಿದ್ದರೆ, ಪಾರ್ಟಿಷನ್ನುಗಳ ಕೋಷ್ಟಕವನ್ನು ಮುಟ್ಟದೆ ಆರಂಭದ ಆಜ್ಞೆಗಳು ಮಾತ್ರ ವಿಂಡೋಸಿನವಾಗಿ ಬದಲಾಗುತ್ತಿದ್ದುವು. ಈ ಆಜ್ಞೆಯನ್ನು ಲಿನಕ್ಸಿನ ಪಾರ್ಟಿಷನ್ ಇರುವಾಗಲೇ ಕೊಟ್ಟು, ವಿಂಡೋಸ್ ನೇರವಾಗಿ ಏಳುವುದನ್ನು ಕಣ್ಣಾರೆ ಕಂಡು, ಆಮೇಲೆ ಪಾರ್ಟಿಷನ್ನಿಗೆ ಕೈಹಾಕಬೇಕು.

ಯುಇಎಫ್‌ಐ ಇರುವ ಹೊಸ ಯಂತ್ರಗಳಲ್ಲಿ ಹೆಸರು ಡಿಸ್ಕಿನಲ್ಲಿ ಮಾತ್ರವಲ್ಲದೆ ಮದರ್‌ಬೋರ್ಡಿನ ಸ್ಮೃತಿಯಲ್ಲಿಯೂ ಕುಳಿತಿರುತ್ತದೆ. ಡಿಸ್ಕನ್ನು ಬದಲಾಯಿಸಿದರೂ ಬಯಾಸಿನ ಬೂಟ್ ಸಾಲಿನಲ್ಲಿ ‘ಉಬುಂಟು’ ಎಂಬ ಹೆಸರು ಕಾಣುವುದಕ್ಕೆ ಇದೇ ಕಾರಣ. ಮೊದಲು ವಿಂಡೋಸ್ ಬೂಟ್ ಮ್ಯಾನೇಜರನ್ನು ಆ ಸಾಲಿನ ಮುಂದಕ್ಕೆ ತಂದು, ಒಮ್ಮೆ ಎಬ್ಬಿಸಿ ನೋಡಿ, ಅನಂತರ ಬಿಸಿಡಿಎಡಿಟ್‌ಗೆ ‘ಫರ್ಮ್‌ವೇರ್’ ಪಟ್ಟಿಯನ್ನು ತೋರಿಸೆಂದು ಹೇಳಿ ಅಲ್ಲಿಂದ ಆ ಹೆಸರನ್ನು ಅಳಿಸಬಹುದು. ಲಿನಕ್ಸಿನ ಕಡೆಯಿಂದಾದರೆ ‘ಇಎಫ್‌ಐಬೂಟ್‌ಎಂಜಿಆರ್’ ಎಂಬ ಸಾಧನವಿದೆ. ಇಎಫ್‌ಐ ಪಾರ್ಟಿಷನ್ನಿನಲ್ಲಿ ಉಬುಂಟುವಿನ ಫೋಲ್ಡರ್ ಉಳಿದಿದ್ದರೆ ಕೆಲವು ಮದರ್‌ಬೋರ್ಡುಗಳು ಅದನ್ನು ಕಂಡು ಹೆಸರನ್ನು ತಾವಾಗಿ ಪುನಃ ಬರೆದುಕೊಳ್ಳುವುದರಿಂದ ಆ ಫೋಲ್ಡರನ್ನೂ ತೆಗೆಯಬೇಕಾಗಬಹುದು. ಅದೊಂದನ್ನು ಮಾತ್ರ, ಪಕ್ಕದಲ್ಲಿರುವ ‘ಮೈಕ್ರೋಸಾಫ್ಟ್’, ‘ಬೂಟ್’ ಎಂಬ ಫೋಲ್ಡರುಗಳನ್ನಲ್ಲ.

ಇದನ್ನು ಹೇಳುವಾಗಲೇ ಲಿನಕ್ಸಿನ ಪರವಾಗಿ ಒಂದು ಮಾತನ್ನೂ ಆಡಬೇಕು. ತಮಗೆ ಪರಿಚಯವಿಲ್ಲವೆಂಬ ಕಾರಣಕ್ಕೆ, ಕೇಳದೆಯೇ ಅದನ್ನು ತೆಗೆದುಹಾಕುವುದು ಅನ್ಯಾಯ. ಎಷ್ಟೋ ಮಕ್ಕಳು ಶಾಲೆಯ ಹಳೆಯ ಯಂತ್ರಗಳಲ್ಲಿ ಅದರ ಮೂಲಕವೇ ಗಣಿತ, ಭೂಗೋಳ ಕಲಿಯುತ್ತಾರೆ. ಮೇಷ್ಟರು ತಂದುಕೊಟ್ಟ ಯಂತ್ರ ‘ಸ್ಲೋ ಆಗಿದೆ’ ಎಂದರೆ ಅದರ ಅರ್ಥ ‘ಉಬುಂಟು ತೆಗೆಯಿರಿ’ ಎಂದಲ್ಲ. ಅಲ್ಲಿ ತೆಗೆಯಬೇಕಾದುದು ಸತ್ತ ವಿಂಡೋಸಿನ ಹೆಸರೇ ಆಗಿದ್ದರೆ, ಲಿನಕ್ಸಿನೊಳಗಿನಿಂದ ‘ಅಪ್‌ಡೇಟ್-ಗ್ರಬ್’ ನಡೆಸಿದರೆ ಪಟ್ಟಿ ಹೊಸದಾಗಿ ರಚಿತವಾಗುತ್ತದೆ. 2021ರ ಗ್ರಬ್ 2.06ರಿಂದೀಚೆಗೆ ಇತರ ವ್ಯವಸ್ಥೆಗಳನ್ನು ಹುಡುಕುವ ಕೆಲಸ ತಾನಾಗಿ ನಡೆಯದಂತೆ ಮಾಡಿರುವುದರಿಂದ, ಜೀವಂತವಾಗಿರುವ ವಿಂಡೋಸಿನ ಹೆಸರೂ ಆ ಪಟ್ಟಿಯಿಂದ ಬಿಟ್ಟುಹೋದೀತೆಂಬುದನ್ನು ಮಾತ್ರ ನೆನಪಿಡಬೇಕು.

ಎರಡು ಡಿಸ್ಕುಗಳ ಸಂಗತಿಯನ್ನು ಹೇಳದೆ ಈ ವಿಷಯವನ್ನು ಬಿಡಲಾರೆ; ಈಗ ತಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ನಡೆಯುತ್ತಿರುವ ಕೆಲಸ ಹಳೆಯ ಹಾರ್ಡ್ ಡಿಸ್ಕಿನ ಜೊತೆಗೆ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಹೊಸ ವಿಂಡೋಸ್ ಇಳಿಸುವುದೇ ತಾನೆ? ಹಳೆಯ ಡಿಸ್ಕನ್ನು ಸಿಕ್ಕಿಸಿಕೊಂಡೇ ಹಾಗೆ ಮಾಡಿದಾಗ, ಹಾಕುವ ತಂತ್ರಾಂಶವು ಹಳೆಯ ಡಿಸ್ಕಿನಲ್ಲಿ ಮೊದಲೇ ಇರುವ ಆರಂಭದ ಪಾರ್ಟಿಷನ್ನನ್ನು ಕಂಡು, ಹೊಸ ವಿಂಡೋಸಿನ ಬೂಟ್ ಕಡತಗಳನ್ನೂ ಅಲ್ಲಿಯೇ ಇಟ್ಟುಬಿಡುವುದುಂಟು. ಹೊರಗೆ ಕಾಣುವುದು ಮೆನುವಿನಲ್ಲಿ ಎರಡು ಹೆಸರು ಮಾತ್ರ. ‘ಹಳೆಯದು ಬೇಡ’ ಎಂದು ಆ ಡಿಸ್ಕನ್ನು ಅಳಿಸಿದರೆ, ಇಲ್ಲವೆ ಆರು ತಿಂಗಳ ಮೇಲೆ ಅದು ತಾನಾಗಿ ಸತ್ತರೆ, ಎಸ್‌ಎಸ್‌ಡಿಯಲ್ಲಿರುವ ಹೊಸ ವಿಂಡೋಸೂ ಏಳುವುದಿಲ್ಲ. ವಿಂಡೋಸ್ ಹಾಕುವಾಗ ಹಳೆಯ ಡಿಸ್ಕಿನ ಕೇಬಲ್ ಬಿಚ್ಚಿಟ್ಟಿದ್ದರೆ ಈ ಅನರ್ಥವೇ ಇಲ್ಲ. ಬಿಚ್ಚದೆ ಹಾಕಿದ್ದಾಗಿದ್ದರೆ, ಹಳೆಯದನ್ನು ಮುಟ್ಟುವ ಮೊದಲು ಎಸ್‌ಎಸ್‌ಡಿಯಲ್ಲಿಯೇ ಒಂದು ಇಎಫ್‌ಐ ಪಾರ್ಟಿಷನ್ ಮಾಡಿ, ‘ಬಿಸಿಡಿಬೂಟ್’ ಆಜ್ಞೆಯಿಂದ ಬೂಟ್ ಕಡತಗಳನ್ನು ಅಲ್ಲಿಗೆ ಬರೆಯಿಸಿ, ಹಳೆಯ ಡಿಸ್ಕನ್ನು ಬಿಚ್ಚಿದ ಸ್ಥಿತಿಯಲ್ಲಿ ಯಂತ್ರವನ್ನು ಎಬ್ಬಿಸಿ ನೋಡತಕ್ಕದ್ದು. ಎದ್ದಿತೋ, ಅಲ್ಲಿಂದ ಮುಂದೆ ತಮಗೆ ಪೂರ್ಣ ಸ್ವಾತಂತ್ರ್ಯ.

ಇಷ್ಟೆಲ್ಲಕ್ಕೂ ಹೊತ್ತು ಹಿಡಿಯುತ್ತದೆ, ಗಿರಾಕಿ ಅದಕ್ಕೆ ಹಣ ಕೊಡುವುದಿಲ್ಲ ಎಂದು ತಾವು ಹೇಳಬಹುದು. ಆ ಮಾತಿನಲ್ಲಿ ನ್ಯಾಯವಿದೆ. ಕಾಣದ ಕೆಲಸಕ್ಕೆ ಬೆಲೆ ಕೊಡುವ ಅಭ್ಯಾಸ ನಮ್ಮ ಜನರಿಗೆ ಕಡಿಮೆ. ಬದಲಾಯಿಸಿದ ಬಿಡಿಭಾಗವನ್ನು ಕಣ್ಣಿಂದ ಕಂಡರಷ್ಟೇ ಅವರು ಬಿಲ್ಲನ್ನು ಒಪ್ಪುತ್ತಾರೆ. ಆದರೆ ವಿಂಡೋಸ್ ಹಾಕುವುದಕ್ಕೆ ತಾವು ಹಾಕುವ ಬಿಲ್ಲಿನಲ್ಲಿಯೇ ‘ಬೂಟ್ ಮೆನು ಶುದ್ಧಿ’ ಎಂದು ಬೇರೆ ಒಂದು ಸಾಲನ್ನು ಬರೆದು, ಅದಕ್ಕೆ ಯೋಗ್ಯವಾದ ಮೊತ್ತವನ್ನು ನಿಸ್ಸಂಕೋಚವಾಗಿ ಕೇಳಿರೆಂದು ನಾನು ಹೇಳುತ್ತೇನೆ. ಒಡೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಮೆನು ಹೇಗಿತ್ತು, ಯಾವ ಹೆಸರು ಏತಕ್ಕೆ ಹೋಗುತ್ತಿದೆ ಎಂದು ತೋರಿಸಿ ಅಳಿಸಿದರೆ ಅವನೂ ಆ ಸಾಲನ್ನು ಪ್ರಶ್ನಿಸಲಾರ. ಬಳಕೆದಾರರಾದ ನಮ್ಮ ಮೇಲೂ ಕರ್ತವ್ಯವಿದೆ: ಯಂತ್ರವನ್ನು ಹಿಂದಕ್ಕೆ ಪಡೆಯುವಾಗ ಒಮ್ಮೆ ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ, ಡೆಸ್ಕ್‌ಟಾಪ್ ಬರುವವರೆಗೆ ಅಂಗಡಿಯಲ್ಲಿಯೇ ನಿಂತು ನೋಡಬೇಕು. ನೋಡುತ್ತೇವೆಂದು ಹೇಳಿದರೆ ತಾವು ಬೇಸರಪಟ್ಟುಕೊಳ್ಳಬಾರದು.

ಕಡೆಯದಾಗಿ ಒಂದು ವಿನಂತಿ. ರಸೀತಿಯ ಹಿಂಬದಿಯಲ್ಲಿ ನಾಲ್ಕು ಸಂಗತಿಗಳನ್ನು ತಮ್ಮ ಕೈಬರಹದಲ್ಲಿ ಬರೆದುಕೊಡಿ: ಮೆನುವಿನಲ್ಲಿ ಮೊದಲು ಯಾವ ಹೆಸರುಗಳಿದ್ದುವು, ಯಾವುದನ್ನು ತೆಗೆದಿರಿ, ಹಳೆಯ ಕಡತಗಳನ್ನು ಯಾವ ಫೋಲ್ಡರಿನಲ್ಲಿ ಇಟ್ಟಿರಿ, ಬೂಟ್ ದಾಖಲೆಯ ಪ್ರತಿ ಯಾವ ಪೆನ್‌ಡ್ರೈವಿನಲ್ಲಿದೆ. ಆ ಯಂತ್ರ ಮುಂದೊಂದು ದಿನ ಬೇರೊಬ್ಬ ದುರಸ್ತಿಗಾರನ ಮೇಜಿಗೆ ಬಂದಾಗ, ಅವನು ಊಹೆಯಿಂದ ಕೆಲಸ ಮಾಡಬೇಕಾಗಿರುವುದಿಲ್ಲ. ಹಾಲಿನ ಸಂಘದ ಯಂತ್ರಕ್ಕೆ ಅಂತಹ ಚೀಟಿಯೊಂದು ಅಂಟಿಕೊಂಡಿದ್ದಿದ್ದರೆ ಕಾರ್ಯದರ್ಶಿಯೂ ಆ ಹುಡುಗನೂ ಮೊದಲ ದಿನವೇ ಒಂದೇ ಸಾಲನ್ನು ಒತ್ತುತ್ತಿದ್ದರು.

ಇತಿ,
ತಮ್ಮ ವೃತ್ತಿಯ ಹಿತೈಷಿಯಾದ ಒಬ್ಬ ಬಳಕೆದಾರ